ನನ್ನ ರೊಕ್ಕ, ಗಂಗವ್ವನ ರೊಟ್ಟಿ

ಬ್ಯಾಂಕಿನವರು ನನ್ನ ದುಡ್ಡು ಕದಿಯಲಿಲ್ಲ. ಯಾರಿಗೆ ಕೊಡುವುದಿಲ್ಲ ಎಂದು ನಾನು ಮುಖದ ಮೇಲೆ ಹೇಳಿದ್ದೆನೋ ಅವಳಿಗೇ ಕೊಟ್ಟರು. ನಡೆದದ್ದು ಇಷ್ಟೇ. ಉಳಿದದ್ದೆಲ್ಲ ನನ್ನ ಮಗ ಮತ್ತು ಚಾಳಿನವರು ಸೇರಿಸಿದ ಒಗ್ಗರಣೆ.

ಆಗ ನಾವು ಠಾಣೆ ಊರಿನ ವಾಗ್ಳೆ ಎಸ್ಟೇಟಿನಲ್ಲಿ, ಸಾಲು ಖೋಲಿಗಳ ಒಂದು ಚಾಳಿನಲ್ಲಿದ್ದೆವು. ಕಾರ್ಖಾನೆಗಳ ಭೋಂಗಾ ಮೂರು ಪಾಳಿಗೂ ಕೂಗುತ್ತಿದ್ದ ಕಾಲ. ಮಗ ಲೇಥ್ ಮಷೀನಿನ ಮುಂದೆ ನಿಲ್ಲುತ್ತಿದ್ದ, ನಾನು ಮನೆಯಲ್ಲಿ ಕೂತು ಹಳೆ ಸೀರೆಗಳ ಕೌದಿ ಹೊಲಿದು ಮಾರುತ್ತಿದ್ದೆ. ನಾನು ಕಲಿತದ್ದು ಎರಡನೇ ಇಯತ್ತೆ, ಅದರಲ್ಲೂ ಎರಡನೆಯದು ಅರ್ಧ. ಬಂದ ದುಡ್ಡನ್ನು ಒಂದು ಕೌದಿಯೊಳಗೇ ಹೊಲಿದಿಡುವುದು ನನ್ನ ಪದ್ಧತಿ. ಕಳ್ಳನಿಗೆ ಕೌದಿ ಬೇಡ, ಇಲಿಗೆ ಸೂಜಿ ಬಾರದು ಎಂಬ ಧೈರ್ಯ. ಆದರೆ ಒಮ್ಮೆ ನಾನೇ ಆ ಕೌದಿಯನ್ನು ಮಾರಿಬಿಟ್ಟೆ. ಕೊಂಡವಳ ಮನೆಗೆ ಓಡಿ, ಒಂದು ಹೊಲಿಗೆ ತಪ್ಪಿದೆ ಎಂದು ಸುಳ್ಳು ಹೇಳಿ, ಆಕೆಯ ಮಗುವನ್ನು ಅದರ ಮೇಲಿಂದ ಎಬ್ಬಿಸಿ, ಹೊಲಿಗೆ ಬಿಚ್ಚಿ ದುಡ್ಡು ತರಬೇಕಾಯಿತು. ಆ ಮೇಲೆ ಮಗ ನನ್ನ ಮಾತು ಕೇಳಲಿಲ್ಲ. ನೇರ ಬ್ಯಾಂಕಿಗೆ ಕರೆದುಕೊಂಡು ಹೋದ.

ಲಕ್ಷ್ಮಿಯನ್ನು ಬರೀ ಹಣೆಯಲ್ಲಿ ಹೊರಗೆ ಕಳಿಸಬಾರದೆಂದು ನೋಟುಗಳಿಗೆಲ್ಲ ಮೂಲೆಯಲ್ಲಿ ಕುಂಕುಮ ಹಚ್ಚಿದ್ದೆ. ಬ್ಯಾಂಕಿನಲ್ಲಿ ಒಬ್ಬೊಬ್ಬರ ಹೆಸರಿಗೂ ಒಂದೊಂದು ಡಬ್ಬಿ ಇರುತ್ತದೆ, ಅದರಲ್ಲಿ ನಮ್ಮ ನೋಟು ನಮಗಾಗಿ ಕಾದಿರುತ್ತದೆ ಎಂದು ನಾನು ತಿಳಿದಿದ್ದೆ. ನಗಬೇಡಿ. ನಿಮಗೂ ಮೊದಲು ಹಾಗೇ ಅನ್ನಿಸಿರುತ್ತದೆ.

ಇನ್ನು ಗಂಗವ್ವನ ವಿಷಯ. ಪಕ್ಕದ ಖೋಲಿಯವಳು, ವಿಜಾಪುರ ಕಡೆಯವಳು, ನನಗೆ ಬೇಕಾದವಳು. ಕಾರ್ಖಾನೆಯಲ್ಲಿ ದುಡಿಯುವ ಒಂಟಿ ಹುಡುಗರಿಗೆ ಖಾನಾವಳಿ ಹಾಕುತ್ತೇನೆ, ಸಾಲ ಕೊಡು ಎಂದು ಬಂದಳು. ನಾನು ಕೊಡುವುದಿಲ್ಲ ಎಂದೆ. ಅಲ್ಲಿಗೆ ಬಿಡಬಹುದಿತ್ತು. ಕಾರಣ ಕೇಳಿದಳು, ಹೇಳಿದೆ. ಅವಳ ರೊಟ್ಟಿ ತಟ್ಟಿದ್ದೋ ಎರಕ ಹೊಯ್ದದ್ದೋ ತಿಳಿಯುವುದಿಲ್ಲ, ಅದನ್ನು ನಂಬಿ ರೊಕ್ಕ ಹಾಕಲಾರೆ ಎಂದೆ. ಅಂದಿನಿಂದ ನಳದ ಹತ್ತಿರ ನನ್ನ ಕೊಡ ಕಂಡರೆ ಅವಳ ಕೊಡ ಹಿಂದೆ ತಿರುಗುತ್ತಿತ್ತು.

ನಾನು ಬ್ಯಾಂಕಿಗೆ ಹೋಗಿ ಬಂದ ಮರುದಿನ ಕಿರಾಣಿ ಅಂಗಡಿಯಲ್ಲಿ ನಿಂತಿದ್ದೆ. ಮುಂದೆ ಗಂಗವ್ವ. ಒಂದು ಚೀಲ ಜೋಳ ತೂಗಿಸಿ, ಸೊಂಟದ ಚೀಲದಿಂದ ನೋಟು ತೆಗೆದು ಎಣಿಸಿದಳು. ಮೂಲೆಯಲ್ಲಿ ಕುಂಕುಮ. ನನ್ನ ಬೆರಳಿನ ಗುರುತು ನನಗೆ ತಿಳಿಯದೇ? ಉಪ್ಪು ಕೊಳ್ಳಲು ಹೋದವಳು ಉಪ್ಪು ಮರೆತು ನೇರ ಬ್ಯಾಂಕಿಗೆ ನಡೆದೆ.

ಅಲ್ಲಿ ಒಬ್ಬ ಉಡುಪಿ ಕಡೆಯ ಗುಮಾಸ್ತನಿದ್ದ, ಕನ್ನಡ ಮಾತಾಡುವವನು. ಅವನ ಕನ್ನಡ ಬೇರೆ, ನನ್ನದು ಬೇರೆ, ಆದರೂ ಬೈಯುವಷ್ಟು ಹೊಂದಿಕೆಯಾಗುತ್ತಿತ್ತು. ನನ್ನ ಹೆಸರಿನ ಡಬ್ಬಿ ತೆಗೆದು ತೋರಿಸು ಎಂದೆ. ಅವನು ಪೆನ್ನು ಕೆಳಗಿಟ್ಟ.

“ಡಬ್ಬಿಯಲ್ಲಿ ಇಟ್ಟರೆ ನಿಮ್ಮ ಹಣ ಮರಿ ಹಾಕ್ತದಾ ಅಜ್ಜಿ? ನಿಮಗೆ ನೂರಕ್ಕೆ ಐದು ಬಡ್ಡಿ ಕೊಡ್ತೇವೆ. ಅದನ್ನೇ ಸಾಲ ಕೊಟ್ಟು ಅವರತ್ರ ಹನ್ನೆರಡು ತಗೊಳ್ತೇವೆ. ನಡುವೆ ಉಳಿದದ್ದರಲ್ಲಿ ಈ ಫ್ಯಾನು ತಿರುಗ್ತದೆ, ನನ್ನ ಸಂಬಳ ಆಗ್ತದೆ, ಮತ್ತೆ ಉಳಿದರೆ ಅದು ಬ್ಯಾಂಕಿನ ಲಾಭ.”

“ಅಂದ್ರ ನಡುವ ಕುಂತದ್ದಕ್ಕ ಏಳು ರೂಪಾಯಿ?”

“ಬರೇ ಕೂತದ್ದಕ್ಕೆ ಅಲ್ಲ ಮಾರಾಯ್ರೆ. ಸಾಲ ಮುಳುಗಿದರೆ ನಿಮಗೆ ಗೊತ್ತಾಗದ ಹಾಗೆ ನಾವು ಮುಳುಗುವುದಕ್ಕೆ.”

ನನ್ನ ರೊಕ್ಕ ಯಾರಿಗೆ ಕೊಟ್ಟಿದ್ದೀ ಎಂದು ಕೇಳಿದರೆ, ನೋಟಿಗೆ ಹೆಸರಿಲ್ಲ, ಸಾಲದವರ ಹೆಸರು ಹೇಳುವ ಹಾಗೂ ಇಲ್ಲ ಎಂದ. ನಮ್ಮೂರಲ್ಲಿ ಮದುವೆ ಕುದುರಿಸುವ ದಲ್ಲಾಳಿ ಎರಡೂ ಮನೆಯಲ್ಲಿ ಉಣ್ಣುತ್ತಿದ್ದ, ಆದರೆ ಹೆಣ್ಣಿನವರಿಗೆ ಗಂಡು ಯಾರೆಂದಾದರೂ ಹೇಳುತ್ತಿದ್ದ. ಇವರು ಹೆಣ್ಣನ್ನು ಕಳಿಸಿಯೂಬಿಡುತ್ತಾರೆ, ಗಂಡಿನ ಹೆಸರೂ ಹೇಳುವುದಿಲ್ಲ. ಬೇಕಾದರೆ ನಿಮ್ಮ ಹಣ ಈಗಲೇ ಕೊಡುತ್ತೇನೆ ಎಂದ. ಬೇಡ ಎಂದೆ. ಆ ಕುಂಕುಮದ ನೋಟು ಅಂಗಡಿಯವನ ಗಲ್ಲಾಪೆಟ್ಟಿಗೆಯಲ್ಲಿದೆ. ಇವನು ಬೇರೆ ಯಾರದೋ ನೋಟು ಕೊಟ್ಟು ನನ್ನ ಬಾಯಿ ಮುಚ್ಚಿಸಬೇಕೆಂದಿದ್ದ. ಮಗ ಇಂದಿಗೂ ಇದನ್ನು ಹೇಳಿ ನಗುತ್ತಾನೆ. ನಗಲಿ.

ಖಾನಾವಳಿ ಶುರುವಾಯಿತು. ನಮ್ಮ ಎರಡು ಖೋಲಿಗಳ ನಡುವೆ ಇದ್ದದ್ದು ಹಲಗೆಯ ಗೋಡೆ. ಅತ್ತ ಕೆಮ್ಮಿದರೆ ಇತ್ತ ಕಷಾಯ ಕಾಯಿಸಬಹುದು. ಒಂದು ವಾರ ಕಳೆದಿರಬೇಕು, ಸಂಜೆ ಊಟಕ್ಕೆ ಕೂತ ರಾಯಚೂರಿನ ಹುಡುಗನೊಬ್ಬನ ದನಿ ಕೇಳಿಸಿತು.

“ಅವ್ವಾರ, ನಾಳಿಂದ ಕಾರ್ಖಾನಿಯಿಂದ ಕಬ್ಬಿಣ ಕೊಯ್ಯೋ ಹ್ಯಾಕ್ಸಾ ತರತೀನ್ರಿ. ರೊಟ್ಟಿ ಹಲ್ಲಿಗೆ ಬಗ್ಗವಲ್ಲವು.”

ಉಳಿದವರು ನಕ್ಕರು. ನಾಳೆಯೂ ಹೀಗೇ ಆದರೆ ಸ್ಟೇಷನ್ ಕಡೆಯ ಖಾನಾವಳಿಗೆ ಹೋಗುತ್ತೇವೆ ಎಂದು ಇನ್ನೊಬ್ಬ ಹೇಳಿದ. ಅವನು ನಗುತ್ತಿರಲಿಲ್ಲ. ಗಂಗವ್ವ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದ ಸದ್ದು ಹಲಗೆಯ ಇತ್ತ ಕೇಳಿಸಿತು. ಹುಡುಗರು ಹೋದರೆ ಖಾನಾವಳಿ ಹೋಯಿತು, ಖಾನಾವಳಿ ಹೋದರೆ ಸಾಲ ಮುಳುಗಿತು, ಸಾಲ ಮುಳುಗಿದರೆ ನನ್ನ ಕೌದಿಗಳೂ ಮುಳುಗಿದವು. ನಾವು ಮುಳುಗುತ್ತೇವೆ ಎಂದು ಆ ಗುಮಾಸ್ತ ಹೇಳಿದ್ದನೇನೋ ನಿಜ. ಅಷ್ಟು ಸಣಕಲು ಮನುಷ್ಯ ಮುಳುಗಿ ಎಷ್ಟು ಉಳಿಸಿಯಾನು?

ಮರುದಿನ ಬೆಳಿಗ್ಗೆ ಮೊದಲ ಭೋಂಗಾಕ್ಕೆ ಮೊದಲೇ ಎದ್ದು, ಸೆರಗು ಸಿಕ್ಕಿಸಿ, ಅವಳ ಬಾಗಿಲಲ್ಲಿ ನಿಂತೆ. ಅವಳು ಹಿಟ್ಟು ನಾದುವ ಕೊಣಮಿಗೆಯ ಮುಂದೆ ಕೂತು ಜೋಳದ ಹಿಟ್ಟಿಗೆ ತಣ್ಣೀರು ಸುರಿಯುತ್ತಿದ್ದಳು.

“ಕೇಳಿದಾಗ ಕೊಡಲಿಲ್ಲ. ಈಗ ಯಾಕ ಬಂದಿ, ಶಿವಕ್ಕ?”

“ನಿನ್ನ ಸಲುವಾಗಿ ಬಂದಿಲ್ಲ. ನನ್ನ ರೊಕ್ಕದ ಸಲುವಾಗಿ ಬಂದೀನಿ. ಅತ್ಲಾಗ ಸರಿ.”

ಅವಳಿಗೆ ಏನೂ ಅರ್ಥವಾಗಲಿಲ್ಲ, ಆದರೂ ಸರಿದಳು. ತಣ್ಣೀರಲ್ಲಿ ನಾದಿದರೆ ರೊಟ್ಟಿ ಗಟ್ಟಿಯಾಗದೆ ಇನ್ನೇನು? ನಾನು ನೀರು ಕುದಿಯಲು ಇಟ್ಟೆ. ಕುದಿಯುವ ಎಸರು ಹಾಕಿ ನಾದಿ, ತಟ್ಟಲು ಕೂತೆ. ಮೊದಲ ಹತ್ತು ರೊಟ್ಟಿ ಏನೂ ಯೋಚಿಸದೆ ತಟ್ಟಿದೆ. ಆ ಮೇಲೆ ಲೆಕ್ಕ ತಲೆಗೆ ಹತ್ತಿತು. ರೊಕ್ಕ ನನ್ನದು, ಈಗ ರಟ್ಟೆಯೂ ನನ್ನದು. ಈ ರೊಟ್ಟಿ ಮಾರಿ ಗಂಗವ್ವ ಕಟ್ಟುವ ಹನ್ನೆರಡರಲ್ಲಿ ನನಗೆ ಐದು, ಬ್ಯಾಂಕಿಗೆ ಏಳು. ಕೂಲಿ ಅಂತೂ ಯಾರೂ ಮಾತಾಡಿಲ್ಲ. ಇಷ್ಟು ತಿಳಿಯುವ ಹೊತ್ತಿಗೆ ಬುಟ್ಟಿ ಅರ್ಧ ತುಂಬಿತ್ತು, ಹುಡುಗರು ಬಾಗಿಲಿಗೆ ಬಂದಿದ್ದರು, ಏಳುವ ಹಾಗಿರಲಿಲ್ಲ. ಸಿಟ್ಟಿನಲ್ಲಿ ಇನ್ನೂ ಜೋರಾಗಿ ಬಡಿದೆ. ರೊಟ್ಟಿ ಇನ್ನೂ ತೆಳ್ಳಗಾದವು.