ಮೂರು ಪಟ್ಟಾದ ವರ

ಕುಸ್ತಿಯಲ್ಲಿ ಗೆದ್ದವನಿಗೆ ಬೆಳ್ಳಿ ಕಡಗ ಹಾಕಿದರೆ ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ನಾನು ಜೂಡೋ ಕಲಿಯಲು ಹೋದೆ, ಅಲ್ಲಿ ಗೆದ್ದವನಿಗೆ ಸೊಂಟಕ್ಕೆ ಬಣ್ಣದ ಬಟ್ಟೆ ಕಟ್ಟುತ್ತಾರೆ. ಎಂಬತ್ತರ ದಶಕದ ಆ ವರ್ಷಗಳಲ್ಲಿ ಅದನ್ನು ಬಿಡಿಸಿ ಹೇಳುವುದೇ ನನಗೊಂದು ಉದ್ಯೋಗವಾಯಿತು. ಹೇಳಿದಷ್ಟೂ ಗೊಂದಲ ಹೆಚ್ಚಿ, ಕೊನೆಗೆ ನನ್ನ ಮದುವೆಯೇ ತಪ್ಪುವುದರಲ್ಲಿತ್ತು.

ಉಡದಾರ

ರಾಯಚೂರಿನ ಒಂದು ಹಳೆಯ ಗೋದಾಮಿನಲ್ಲಿ, ಭಾನುವಾರಕ್ಕೊಮ್ಮೆ, ಭತ್ತದ ಹೊಟ್ಟು ತುಂಬಿದ ಚೀಲಗಳ ಮೇಲೆ ನಮ್ಮನ್ನು ಕೆಡವಿ ಕಲಿಸುತ್ತಿದ್ದ ಮಾಸ್ತರರು ಹೈದರಾಬಾದಿನವರು. ಬೆಲ್ಟಿಗೆ ಅವರು ಪಟ್ಟಾ ಎನ್ನುತ್ತಿದ್ದರು, ನಾವೂ ಹಾಗೇ ಅನ್ನತೊಡಗಿದೆವು. ಮೊದಲ ದಿನ ಬಿಳಿ ಪಟ್ಟಾ ಕಟ್ಟಿಕೊಂಡು ಮನೆಗೆ ಬಂದೆ.

"ಇದು ಶುರುವಿಂದು ಯವ್ವಾ. ಎಲ್ಲಾ ಕಲ್ತ ಮ್ಯಾಲ ಕರೇದು ಕಟ್ತಾರ. ಅದಕ್ಕ ಭಾಳ ವರ್ಷ ಬೇಕು" ಎಂದೆ.

ಅವ್ವ ನನ್ನ ಸೊಂಟವನ್ನೇ ನೋಡಿದಳು. "ತೊಟ್ಟಿಲಕ್ಕ ಹಾಕಿದ ದಿನಾನೇ ನಿನಗ ಕರೇ ಉಡದಾರ ಕಟ್ಟೀನಿ. ಅವಾಗ ನಿನಗ ಕುತ್ತಿಗಿ ಸುದ್ದಾ ನಿಲ್ತಿರಲಿಲ್ಲ. ಯಾವ ಮಾಸ್ತರಲೇ ಅಂವ, ಹಿಂದಕ ನೂಕ್ಯಾನ ನಿನ್ನ?"

ಡೂಪ್ಲಿಕೇಟ್ ಮಾಲು

ನನ್ನ ಕೆಲಸ ದೇವದುರ್ಗದ ಒಂದು ಲಾರಿ ಗ್ಯಾರೇಜಿನಲ್ಲಿ. "ಹಳದಿ ಬೆಲ್ಟಿಂದು ಪರೀಕ್ಷಾ ಅದರೀ, ರಾಯಚೂರಿಗೆ ಹೋಗಬೇಕು" ಎಂದು ಮಾಲಕರನ್ನು ರಜೆ ಕೇಳಿದೆ.

"ಫ್ಯಾನ್ ಬೆಲ್ಟ್ ಪರೀಕ್ಷಾಕ್ಕ ಅಲ್ಲೀತನ ಯಾಕಲೇ? ಹೆಬ್ಬೆಟ್ಟಿಂದ ಒತ್ತು. ಸ್ವಲ್ಪ ತಗ್ಗಿದ್ರ ಪಾಸು" ಎಂದರು. ಆದರೂ ಕಳಿಸಿದರು, ದೊಡ್ಡ ಮನಸ್ಸು. ಪಾಸಾಗಿ ಬಂದವನು ಹೆಮ್ಮೆಯಿಂದ ಬೆಲ್ಟನ್ನು ಅವರ ಕೈಗಿಟ್ಟೆ. ಅವರು ಎಳೆದರು, ಉಜ್ಜಿದರು, ಮೂಸಿದರು.

"ರಬ್ಬರೇ ಇಲ್ಲ ಇದರಾಗ. ಎಂಜಿನ್ ಕಾದ್ರ ಸುಟ್ಟು ಹೋಗ್ತದ. ಹೋಗಿ ವಾಪಸ್ ಕೊಟ್ಟು ಬಾ."

ಹೆಣ್ಣು ನೋಡಿದ್ದು

ಹಸಿರು ಬಂದ ವರ್ಷ ಸೋದರಮಾವ ಮಾನ್ವಿ ತಾಲೂಕಿನ ಮಲ್ಲಟದಲ್ಲಿ ಹೆಣ್ಣು ಗೊತ್ತು ಮಾಡಿದ. ಚಹಾ ಕೊಡಲು ಬಂದ ಹುಡುಗಿಯನ್ನು ನೋಡಿದ ಮೇಲೆ ನನಗೆ ಬೇರೆ ಹೆಣ್ಣು ಬೇಡವಾಯಿತು. ಆಕೆಯ ಅಪ್ಪ ಗಂಟಲು ಸರಿಮಾಡಿಕೊಂಡ.

"ನಿಮಗ ಪಟ್ಟಾ ಅದಾವ ಅಂತ ನಿಮ್ಮ ಮಾವ ಹೇಳಿದ್ರು. ಎಷ್ಟದಾವ?"

ಜೂಡೋ ಬಲ್ಲ ಹೆಣ್ಣಿನ ಅಪ್ಪ ಸಿಗುವುದೆಂದರೆ ಪುಣ್ಯ ಎಂದುಕೊಂಡೆ. "ಮೂರದಾವ್ರಿ. ಬಿಳೀದು, ಹಳದಿ, ಹಸಿರು."

"ಹಸಿರು ಅಂದ್ರ ಚಲೋ ಆತು. ಕರೇದು ಇಲ್ಲೇನು?"

"ಅದಕ್ಕೇ ದುಡಿಯಾಕತ್ತೀನ್ರಿ. ಕರೇದು ಸಿಗೋದು ಕಷ್ಟ."

"ಖರೇ. ಕರೇದು ಯಾರು ಬಿಟ್ಟು ಕೊಡ್ತಾರ? ಈ ಮೂರು ಹೆಂಗ ಬಂದ್ವು?"

"ಬಿಳೀದು ಸುಮ್ನ ಕೊಟ್ರು. ಉಳಿದೆರಡು ಒಬ್ಬೊಬ್ಬರನ್ನ ನೆಲಕ್ಕ ಕೆಡವಿ ತಗೊಂಡೀನ್ರಿ."

ಆತ ಬೆಚ್ಚಿಬಿದ್ದ. "ಅವ್ರು ಕೋರ್ಟಿಗೆ ಹೋಗಲಿಲ್ಲೇನು?"

"ಇಲ್ರಿ. ಎದ್ದು ಬಗ್ಗಿ ನಮಸ್ಕಾರ ಮಾಡಿ ಹೋದ್ರು."

ಆತ ನನ್ನ ತಟ್ಟೆಗೆ ಇನ್ನೊಂದು ಉಂಡಿ ಹಾಕಿದ. "ಪಟ್ಟಾ ತಂದಿದ್ರ ತೋರಸ್ರಿ" ಎಂದ. ನಾನು ಚೀಲದಿಂದ ಮೂರನ್ನೂ ತೆಗೆದು ಜಮಖಾನದ ಮೇಲೆ ಹಾಸಿದೆ.

ಆತ ಹಸಿರನ್ನೆತ್ತಿ ಹಿಂದೆ ಮುಂದೆ ತಿರುಗಿಸಿದ. "ಸರ್ವೇ ನಂಬರ್ ಎಲ್ಲಿ ಬರದಾರ?"

ಹೊಲದ ಹಕ್ಕುಪತ್ರಕ್ಕೂ ನಮ್ಮ ಕಡೆ ಪಟ್ಟಾ ಎನ್ನುತ್ತಾರೆ, ಆತ ಕೇಳಿದ ಕರೇದು ಎರೆಮಣ್ಣಿನ ಹೊಲ ಎಂಬುದು ಆಗ ನನ್ನ ತಲೆಗೆ ಹೊಳೆಯಿತು. ಸೋದರಮಾವ ತಲೆಯೆತ್ತಿ ಮಾಳಿಗೆಯ ಜಂತಿ ನೋಡತೊಡಗಿದ. ಗ್ಯಾರೇಜಿನ ಪಗಾರ ಬಿಟ್ಟರೆ ನನಗೆ ಒಂದು ಗುಂಟೆ ನೆಲವೂ ಇಲ್ಲ ಎಂದು ಒಪ್ಪಿಕೊಂಡೆ. ಹುಡುಗಿ ಕೈತಪ್ಪಿದಳೆಂದು ಉಳಿದೆರಡು ಬೆಲ್ಟುಗಳನ್ನು ಮಡಚಿ ಚೀಲಕ್ಕೆ ಹಾಕತೊಡಗಿದೆ.

ಆಕೆಯ ಅಪ್ಪ ಬೆಲ್ಟನ್ನು ಕೆಳಗಿಟ್ಟ. "ಹೊಲಾನೇ ಇಲ್ಲಂದ್ರ ನನ್ನ ಮಗಳು ನಿಮ್ಮ ಮನಿಗೆ ಬಂದು ಏನು ಮಾಡಬೇಕ್ರಿ?"

ಅಡುಗೆಮನೆಯ ಬಾಗಿಲಿನಿಂದ ಹುಡುಗಿಯ ದನಿ ಬಂತು.

"ಯಪ್ಪಾ, ಕಳೆ ತಗಿಯೋದು ತಪ್ಪತದ. ಲಗೂನ ಹೂಂ ಅನ್ನು."