ಗೋಲಿ ಕೋಸು ಮತ್ತು ಕಿಟಕಿ ಪಕ್ಕದ ಕುರ್ಚಿ

ಆಡಿದ ಮಾತು, ಒಡೆದ ಮುತ್ತು ಎರಡನ್ನೂ ಮತ್ತೆ ಜೋಡಿಸಲಾಗದು ಎಂಬುದು ಮೀಟರಣ್ಣನಿಗೆ ತಿಳಿಯದ ವಿಷಯವೇನಲ್ಲ. ಆದರೂ ಶನಿವಾರ ಕಚೇರಿಯಲ್ಲಿ ಸಾಹೇಬರು "ನಾಳೆ ಸಂಜೆ ಮನೇಲಿ ಊಟ ಮಾಡೋ ಹಾಗಿಲ್ಲ, ಹೊರಗಡೆ ಎಲ್ಲಾದರೂ ನೋಡ್ಕೋಬೇಕು" ಎಂದು ತಮ್ಮಷ್ಟಕ್ಕೇ ಗೊಣಗಿಕೊಂಡಾಗ ಅವನ ನಾಲಿಗೆ ಅವನನ್ನು ಕೇಳದೆಯೇ ಕುಣಿದುಬಿಟ್ಟಿತು.

"ನಮ್ಮನೆಗೆ ಬನ್ನಿ ಸಾರ್! ಕೋಳಿ ನನ್ನ ಹೆಂಡತಿ ಮಾಡ್ತಾಳೆ. ಪಕ್ಕಕ್ಕೆ ತರಕಾರಿ ನಾನೇ ಮಾಡ್ತೀನಿ, ನನ್ನ ಕೈಯಾರೆ!"

"ನಿಮಗೆ ಅಡುಗೆ ಬರುತ್ತೇನ್ರೀ?"

"ಅದೇನು ಮಹಾ ಬಿಡಿ ಸಾರ್."

ಅಡುಗೆಮನೆಯಲ್ಲಿ ಅವನು ಅಲ್ಲಿಯವರೆಗೆ ಮಾಡಿದ್ದು ಎರಡೇ ಕೆಲಸ: ನೀರು ಕುದಿಯಲು ಇಡುವುದು, ಇಟ್ಟಿದ್ದನ್ನು ಮರೆಯುವುದು.

ಇಷ್ಟು ಧೈರ್ಯಕ್ಕೆ ಕಾರಣ ಒಂದು ಕುರ್ಚಿ. ನೀರು ಸರಬರಾಜು ಕಚೇರಿಯ ಮೇಲಿನ ಮಹಡಿಯಲ್ಲಿ, ಕಿಟಕಿ ಪಕ್ಕದಲ್ಲಿ, ಗುಮಾಸ್ತರ ಕುರ್ಚಿಯೊಂದು ಖಾಲಿಯಾಗಿತ್ತು. ಬಿಸಿಲು ಬೀಳುವ ಜಾಗ. ಕೈಯೂರಲು ಮೇಜು, ಬೆನ್ನಿಗೆ ಮೆತ್ತೆ. ಮೀಟರಣ್ಣನೋ ಮೀಟರ್ ಓದುತ್ತ ಅರ್ಧ ಆಯುಷ್ಯವನ್ನು ಕಂಡವರ ನೆಲಮಾಳಿಗೆಯಲ್ಲಿ ಸವೆಸಿದವನು. ಅವನ ಮಂಡಿ ಹವಾಮಾನ ಹೇಳುತ್ತಿತ್ತು. ಮೂಗು ಸತ್ತೇಹೋಗಿತ್ತು, ಮಲ್ಲಿಗೆಗೂ ಮೋರಿಗೂ ಅದಕ್ಕೆ ಭೇದವಿರಲಿಲ್ಲ. ಸಾಲದ್ದಕ್ಕೆ ಈಚೆಗೆ ಕಚೇರಿಯದೇ ನೆಲಮಾಳಿಗೆಯ ಕೊಳವೆ ಪದೇ ಪದೇ ಕಟ್ಟಿಕೊಳ್ಳುತ್ತಿತ್ತು. ಯಾಕೆ ಕಟ್ಟುತ್ತದೆಂದು ಯಾರಿಗೂ ಗೊತ್ತಿಲ್ಲ. ಮೊಣಕಾಲುದ್ದ ನೀರಿನಲ್ಲಿ ಇಳಿದು, ಬಿದಿರುಗಳದಿಂದ ಕೊಳವೆಯನ್ನು ತಿವಿಯುವ ಭಾಗ್ಯ ಮಾತ್ರ ಇವನದೇ.

ಆ ಕುರ್ಚಿಗೆ ಇನ್ನೊಬ್ಬ ಉಮೇದುವಾರನಿದ್ದ. ಅದೇ ಕಚೇರಿಯ ಮೀಟರ್ ಓದುವವನು, ಮೀಟರಣ್ಣನ ಕಟ್ಟಡದಲ್ಲೇ ನೆಲಮಹಡಿಯ ಬಾಡಿಗೆದಾರ. ಅವನು ಒಂದು ಆಕಳಿಕೆ ಮುಗಿಸುವಷ್ಟರಲ್ಲಿ ಬೇರೆಯವರು ಒಂದು ನಿದ್ದೆ ತೆಗೆಯಬಹುದಿತ್ತು. ಹಾಗಾಗಿ ಎಲ್ಲರಿಗೂ ಅವನು ನಿಧಾನಪ್ಪ. ಆದರೆ ಮನಸ್ಸು ಒಳ್ಳೆಯದು. ಸಾಹೇಬರು ಊಟಕ್ಕೆ ಬರುತ್ತಾರೆಂದು ಕೇಳಿ ಅವನೇ ಗುಟ್ಟು ಹೇಳಿಕೊಟ್ಟ.

"ಸಾಹೇಬರಿಗೆ ಆ ಗೋಲಿ ಕೋಸು ಅಂದ್ರೆ ಪ್ರಾಣ ಕಣಯ್ಯ. ಬ್ರಸೆಲ್ಸ್ ಸ್ಪ್ರೌಟ್ಸ್ ಅಂತಾರಲ್ಲ, ಹಸಿರು ಗೋಲಿ ಥರ ಪುಟಾಣಿ ಎಲೆಕೋಸು, ಅದು. ಬೇಕನ್, ಅದೇ ಉಪ್ಪು ಹಾಕಿದ ಹಂದಿಮಾಂಸದ ಪಟ್ಟಿ, ಅದರ ಜೊತೆ ಬೇಯಿಸಿದ್ದು. ದಿನಾ ಡಬ್ಬೀಲಿ ಅದೇ. ಮಧ್ಯಾಹ್ನ ನೋಡಿದ್ರೆ ಡಬ್ಬಿ ತೊಳೆದಿಟ್ಟ ಹಾಗೆ ಖಾಲಿ!"

ಭಾನುವಾರ ಬೆಳಿಗ್ಗೆಯೇ ಮೀಟರಣ್ಣ ಚೀಲದ ತುಂಬ ಗೋಲಿ ಕೋಸು, ಒಂದು ಪೊಟ್ಟಣ ಬೇಕನ್ ತಂದು ಮೇಜಿನ ಮೇಲೆ ಸುರಿದ. ಕೋಸುಗಳು ನಾಲ್ಕೂ ದಿಕ್ಕಿಗೆ ಉರುಳಿದವು.

ಹೆಂಡತಿ ಕೋಳಿಯ ಹೊಟ್ಟೆಗೆ ಬೆಳ್ಳುಳ್ಳಿ ತುಂಬುತ್ತಿದ್ದವಳು ತಲೆ ಎತ್ತಿದಳು. "ಮಾಡ್ತೀನಿ ಅಂದೋರು ನೀವು. ನಾನು ಕೈ ಹಾಕಲ್ಲ, ನೋಡಿ. ಹೇಳ್ತೀನಿ, ಕೇಳ್ಕೊಳಿ. ಮೊದಲು ಬೇಕನ್ ಹುರಿದು ತಟ್ಟೆಗೆ ತೆಗೀರಿ. ಅದೇ ಕೊಬ್ಬಲ್ಲಿ ಕೋಸು ಎರಡೆರಡು ಹೋಳು ಮಾಡಿ ಬೋರಲು ಹಾಕಿ, ಕೆಂಪಗಾಗಲಿ. ಆಮೇಲೆ ಒಂದು ಸೌಟು ಕೋಳಿ ಸಾರಿನ ನೀರು, ಮುಚ್ಚಳ, ಸಣ್ಣ ಉರಿ. ಹಲ್ಲಿಗೆ ಸಿಗೋ ಹಾಗಿರುವಾಗಲೇ ಇಳಿಸಿ, ಬೇಕನ್ ಉದುರಿಸಿ. ಜಾಸ್ತಿ ಬೇಯಿಸಿದ್ರೋ, ಬೀದಿಗೆಲ್ಲ ನಾರುತ್ತೆ."

"ಇಷ್ಟೇ ತಾನೇ?"

"ಇಷ್ಟೇ," ಎಂದಳು ಅವಳು, ಗಂಡನನ್ನು ಚೆನ್ನಾಗಿ ಬಲ್ಲ ಧ್ವನಿಯಲ್ಲಿ.

ಸಂಜೆ ಕೋಳಿ ಒಲೆಯಿಂದಿಳಿದ ಮೇಲೆ ಅವಳು ಬ್ರೆಡ್ಡು ತರಲು ಹೋದಳು. ಮೀಟರಣ್ಣ ಏಪ್ರನ್ನು ಕಟ್ಟಿದ. ಬೇಕನ್ ಚಟಪಟ ಸದ್ದು ಮಾಡುತ್ತ ಸುರುಟಿಕೊಂಡಿತು, ಕೋಸು ನಿಜಕ್ಕೂ ಕೆಂಪಗಾಯಿತು. ಅಲ್ಲಿಯವರೆಗೆ ಎಲ್ಲ ನೆಟ್ಟಗಿತ್ತು. ಅಷ್ಟರಲ್ಲಿ ಬಾಗಿಲು ತಟ್ಟದೆಯೇ ಎದುರುಮನೆ ಅಕ್ಕ ಒಳಗೆ ಬಂದರು. ಅವರಿಗೆ ಬಾಗಿಲು ಎಂದರೆ ಗೋಡೆಯ ಒಂದು ಸಡಿಲ ಭಾಗ, ಅಷ್ಟೇ.

"ಏನಪ್ಪಾ ಇದು, ಗಂಡಸರ ಅಡುಗೆ? ಘಮಘಮ ಅಂತಿದೆ!" ಎನ್ನುತ್ತ ತಟ್ಟೆಯಲ್ಲಿದ್ದ ಬೇಕನ್ ಒಂದು ಚೂರು ಬಾಯಿಗೆ ಹಾಕಿಕೊಂಡರು. "ಉಪ್ಪು ಸರಿ ಇದೆ. ಇರು, ಇನ್ನೊಂದು ನೋಡ್ತೀನಿ. ಹ್ಞೂಂ, ಸರಿಯಾಗೇ ಇದೆ. ಕೋಸು ಮಾತ್ರ ಚೆನ್ನಾಗಿ ಬೇಯಿಸು. ಅರೆಬೆಂದ ಕೋಸು ಹೊಟ್ಟೇಲಿ ತಮಟೆ ಬಾರಿಸುತ್ತೆ. ನಿಮ್ಮ ಸಾಹೇಬರು ಊಟಕ್ಕೆ ಕೂತಾಗ ಹಾಗಾದ್ರೆ ಏನು ಗತಿ?"

ಮೀಟರಣ್ಣನ ಕಣ್ಮುಂದೆ ಕಿಟಕಿ ಪಕ್ಕದ ಕುರ್ಚಿ ಅಲುಗಾಡಿತು. ಇನ್ನೆರಡು ಸೌಟು ನೀರು ಹೊಯ್ದ.

ಅಕ್ಕನ ಹಿಂದೆಯೇ ಮೇಲಿನ ಮನೆಯ ಡ್ರಿಲ್ ಮೇಷ್ಟ್ರು ಇಳಿದು ಬಂದರು. ಶಾಲೆಯಿಂದ ನಿವೃತ್ತರಾದರೂ ಕೊರಳಿನ ಸೀಟಿ ನಿವೃತ್ತವಾಗಿರಲಿಲ್ಲ. ಕಟ್ಟಡದ ಕಾರ್ಯದರ್ಶಿಯಾದ ಮೇಲಂತೂ ವಾರಕ್ಕೊಮ್ಮೆ ಆ ಸೀಟಿ ಊದಿ, ಬೆಂಕಿ ಬಿದ್ದಿದೆ ಎಂದು ಊಹಿಸಿಕೊಳ್ಳಿ, ಭೂಮಿ ನಡುಗಿದೆ ಎಂದು ಊಹಿಸಿಕೊಳ್ಳಿ ಎನ್ನುತ್ತ ಎಲ್ಲರನ್ನೂ ಬೀದಿಗಿಳಿಸಿ ಸಾಲು ನಿಲ್ಲಿಸುತ್ತಿದ್ದರು.

"ತರಕಾರಿಗೆ ಶಿಸ್ತು ಬೇಕಯ್ಯಾ!" ಎಂದರು ಅವರು. "ಮುಚ್ಚಳ ಮುಚ್ಚು, ಮೇಲೆ ಕಲ್ಲಿಡು, ನಾನು ಹೇಳೋವರೆಗೂ ತೆಗೀಬೇಡ." ತಾವೇ ಒಂದು ಚೊಂಬು ನೀರು ಸುರಿದು, ಕಲ್ಲು ಸಿಗದ್ದಕ್ಕೆ ಇಸ್ತ್ರಿಪೆಟ್ಟಿಗೆಯನ್ನೇ ಮುಚ್ಚಳದ ಮೇಲಿಟ್ಟು, ಮೇಲೆ ಹೋಗಿ ಮಲಗಿಬಿಟ್ಟರು.

ಅತಿಥಿಯ ಊಟದಲ್ಲಿ ಮೂಲೆಗೆ ಕೂರಬೇಕಾದ ಪದಾರ್ಥ ಅದು. ಮೂಗಿಗಿಂತ ಮೂಗುತಿಯೇ ಭಾರವಾಗಿ, ಕೋಳಿ ಒಂದು ಮೂಲೆಯಲ್ಲಿ ತಣ್ಣಗಾಗುತ್ತ ಕುಳಿತಿತ್ತು. ಅಕ್ಕ ಉಪ್ಪು ನೋಡುತ್ತ, ನೋಡುತ್ತ, ಸಂದೇಹ ಪರಿಹಾರವಾಗಿ ಹೊರಟುಹೋದರು. ಮೀಟರಣ್ಣ ಮೇಷ್ಟ್ರ ಅಪ್ಪಣೆಗಾಗಿ ಕಾದ. ಮೇಷ್ಟ್ರು ಗೊರಕೆ ಹೊಡೆದರು. ಮುಚ್ಚಳದ ಕೆಳಗೆ ಕೋಸು ಬೆಂದಿತು, ಮತ್ತೆ ಬೆಂದಿತು, ಬೆಂದು ಬೆಂದು ತನ್ನ ಹೆಸರನ್ನೇ ಮರೆಯಿತು. ಕೊಳೆತ ಮೊಟ್ಟೆಯಂಥ ಗಬ್ಬು ಮುಚ್ಚಳದ ಸಂದಿಯಿಂದ ನುಸುಳಿ, ಮೆಟ್ಟಿಲು ಹತ್ತಿ, ಮೆಟ್ಟಿಲು ಇಳಿದು, ಎಲ್ಲರ ಬಾಗಿಲಿನಡಿಯಿಂದ ಒಳಹೊಕ್ಕಿತು. ಗೊತ್ತಾಗದಿದ್ದದ್ದು ಒಬ್ಬನಿಗೆ ಮಾತ್ರ. ಅವನು ಒಲೆಯ ಮುಂದೆ ಸಿಳ್ಳೆ ಹಾಕುತ್ತ ನಿಂತಿದ್ದ.

ಮೇಷ್ಟ್ರು ಎಚ್ಚೆತ್ತು ಒಮ್ಮೆ ಮೂಸಿ ಹಾಸಿಗೆಯಿಂದ ಹಾರಿದರು.

"ಗ್ಯಾಸ್! ಗ್ಯಾಸ್ ಸೋರ್ತಿದೆ! ಊಹಿಸ್ಕೋಬೇಡಿ, ಈ ಸಲ ನಿಜ!"

ಸೀಟಿ ಕಟ್ಟಡ ಸೀಳಿಹೋಗುವಂತೆ ಮೊಳಗಿತು. ಎಲ್ಲರಿಗಿಂತ ಮೊದಲು ಬೀದಿಗೆ ಬಂದವನು ಯಾರು? ನಿಧಾನಪ್ಪ! ಆಕಳಿಕೆಗೂ ಆಲಸ್ಯಪಡುವ ಆ ಮನುಷ್ಯ ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿ, ಇನ್ನೊಂದು ಕಾಲಿಗೆ ಬುದ್ಧಿ ಹೇಳಿ, ಬೀದಿಯ ಕೊನೆಯ ದೀಪದ ಕಂಬವನ್ನು ತಬ್ಬಿಕೊಂಡೇ ನಿಂತ. ಎದುರುಮನೆ ಅಕ್ಕ ದಿಂಬನ್ನು ಎದೆಗವುಚಿಕೊಂಡು ಓಡಿ ಬಂದರು. ಬ್ರೆಡ್ಡು ಹಿಡಿದು ಬರುತ್ತಿದ್ದ ಮೀಟರಣ್ಣನ ಹೆಂಡತಿಯನ್ನು ಬಾಗಿಲಲ್ಲೇ ತಡೆದರು. ಮೇಷ್ಟ್ರು ಕಟ್ಟಡದ ಗ್ಯಾಸಿನ ದೊಡ್ಡ ತಿರುಪನ್ನು ತಿರುಗಿಸಿ ಬಂದ್ ಮಾಡಿ, ಗ್ಯಾಸ್ ಕಂಪನಿಯವನನ್ನು ಕರೆಸಿದರು.

ಮೇಲೆ ಮೀಟರಣ್ಣ ಸೀಟಿ ಕೇಳಿ 'ಮುದುಕಪ್ಪನಿಗೆ ಭಾನುವಾರವೂ ಬಿಡುವಿಲ್ಲ' ಎಂದುಕೊಂಡ. ಇವತ್ತು ಸಾಲು ನಿಲ್ಲಲು ಪುರುಸೊತ್ತು ಯಾರಿಗಿದೆ? ಆಗಲೇ ಒಲೆ ಪುಸ್ಸೆಂದು ಆರಿತು. ಅವನ ಜೀವವೇ ಆರಿದಂತಾಯಿತು. ಸಾಹೇಬರು ಬರುವ ಹೊತ್ತು! ಕಡ್ಡಿ ಗೀರಿದ. ಹತ್ತಲಿಲ್ಲ. ಇನ್ನೊಂದು ಗೀರಿದ. ಕತ್ತಲಾಗುತ್ತಿತ್ತೆಂದು ಕಿಟಕಿಯ ಹತ್ತಿರ ಬಂದು ಮತ್ತೊಂದು ಗೀರಿದ.

ಕೆಳಗೆ ನಿಂತ ಜನ ಕಿಟಕಿಯಲ್ಲಿ ಬೆಂಕಿಕಡ್ಡಿ ಉರಿಯುವುದನ್ನು ಕಂಡು ಒಟ್ಟಿಗೇ ನೆಲಕ್ಕೆ ಬಿದ್ದು ಕಿವಿ ಮುಚ್ಚಿಕೊಂಡರು.

"ಹೊರಗೆ ಬಾರಯ್ಯಾ! ಕಡ್ಡಿ ಗೀರಬೇಡ!" ಮೇಷ್ಟ್ರು ಮಲಗಿದಲ್ಲಿಂದಲೇ ಕೂಗಿದರು.

ಮೀಟರಣ್ಣ ಸೌಟು ಹಿಡಿದು ಕಿಟಕಿಯಿಂದ ಬಗ್ಗಿದ. "ಈಗ ಬರಕ್ಕಾಗಲ್ಲ ಮೇಷ್ಟ್ರೇ! ಒಲೆ ಹತ್ತುತಾ ಇಲ್ಲ!"

"ರೀ, ನಿಮ್ಮ ದಮ್ಮಯ್ಯ, ಇಳಿದು ಬನ್ರೀ!" ಹೆಂಡತಿ ಬ್ರೆಡ್ಡು ಎಸೆದು ಅತ್ತೇಬಿಟ್ಟಳು. ಎಷ್ಟು ಬೈದರೂ ಅವಳ ಗಂಡ ಅವನು.

ಗ್ಯಾಸ್ ಕಂಪನಿಯವನು ಮೂಸುವ ಯಂತ್ರ ಹಿಡಿದು ಮೆಟ್ಟಿಲ ಬುಡದಲ್ಲಿ ನಿಂತಿದ್ದ. ಯಂತ್ರ ಪೀಂ ಎನ್ನಬೇಕಿತ್ತು, ಸುಮ್ಮನಿತ್ತು. ಅವನು ಅದಕ್ಕೊಂದು ಗುದ್ದು ಕೊಟ್ಟ. ಆಗಲೂ ಸುಮ್ಮನಿತ್ತು. "ಯಂತ್ರ ಕೆಟ್ಟಿದೆ. ಇಷ್ಟು ಗಬ್ಬಿಗೆ ಗ್ಯಾಸ್ ಇರದೇ ಇರೋಕೆ ಸಾಧ್ಯವೇ ಇಲ್ಲ," ಎಂದು ಅವನೂ ಹೋಗಿ ನೆಲದಲ್ಲಿ ಮಲಗಿದ.

ಇಂಥ ಶುಭ ಗಳಿಗೆಯಲ್ಲಿ ಸಾಹೇಬರು ಬಂದರು. ಒಂದು ಬೀದಿಯ ಜನವೆಲ್ಲ ತಮಗೆ ಅಡ್ಡಬಿದ್ದದ್ದನ್ನು ಕಂಡು ಕೊಂಚ ಗಲಿಬಿಲಿಗೊಂಡರು. ಆಮೇಲೆ ಗಾಳಿ ಬೀಸಿತು. ಅವರ ಮುಖ ಸೊಟ್ಟಗಾಯಿತು.

"ಏಳಿ, ಎಲ್ಲ ಏಳಿ," ಎಂದರು ಬೇಸತ್ತ ದನಿಯಲ್ಲಿ. "ಇದು ಗ್ಯಾಸಲ್ಲ. ಈ ವಾಸನೆ ಜೊತೆ ನಾನು ಮದುವೆಯಾದಾಗಿನಿಂದ ಸಂಸಾರ ಮಾಡ್ತಿದ್ದೀನಿ. ಇದು ಗೋಲಿ ಕೋಸು."

ಜನ ಬಟ್ಟೆಯ ಧೂಳು ಕೊಡವುತ್ತ ಎದ್ದರು. ಮೇಷ್ಟ್ರು ಇಸ್ತ್ರಿಪೆಟ್ಟಿಗೆಯ ವಿಷಯ ಯಾರಿಗೂ ಹೇಳಲಿಲ್ಲ. ದೀಪದ ಕಂಬದಿಂದ ನಿಧಾನಪ್ಪನನ್ನು ಬಿಡಿಸಲು ಇಬ್ಬರು ಬೇಕಾಯಿತು.

ಊಟದ ಮೇಜಿನಲ್ಲಿ ಸಾಹೇಬರ ಮುಂದೆ ಮುಚ್ಚಳ ತೆರೆದಾಗ ಪಾತ್ರೆಯಲ್ಲಿ ಕೋಸು ಇರಲಿಲ್ಲ, ಕೋಸಿನ ನೆನಪಿತ್ತು. ಮೀಟರಣ್ಣ ಬೇಕನ್ ಉದುರಿಸಲು ತಟ್ಟೆ ಎತ್ತಿದ. ತಟ್ಟೆಯಲ್ಲಿ ಎಣ್ಣೆಯ ಜಿಡ್ಡು ಬಿಟ್ಟರೆ ಏನೂ ಉಳಿದಿರಲಿಲ್ಲ.

ಸಾಹೇಬರು ನಿಟ್ಟುಸಿರಿಟ್ಟರು. "ಇವತ್ತು ನಮ್ಮನೇಲೂ ಇದೇ ಕಣ್ರೀ. ತಪ್ಪಿಸಿಕೊಳ್ಳೋಣ ಅಂತಾನೇ ಇಲ್ಲಿಗೆ ಬಂದಿದ್ದು. ನನ್ನ ಹೆಂಡತಿ ಮಾಡಿದ್ರಲ್ಲಿ ಬೇಕನ್ನಾದರೂ ಇರುತ್ತೆ, ಆರಿಸಿ ತಿಂತೀನಿ. ನನಗೆ ಇದು ಇಷ್ಟ ಅಂತ ನಿಮಗೆ ಹೇಳಿದ್ಯಾರು?"

"ದಿನಾ ಡಬ್ಬಿ ಖಾಲಿ ಆಗುತ್ತಲ್ಲ ಸಾರ್..."

ಸಾಹೇಬರು ಕೆಮ್ಮಿದರು. ಕೋಳಿಯ ಕಾಲಿಗೆ ಕೈಹಾಕಿದರು.

ಕುರ್ಚಿ ಕೈತಪ್ಪುತ್ತಿರುವುದು ಮೀಟರಣ್ಣನಿಗೆ ಸ್ಪಷ್ಟವಾಗಿ ಕಾಣಿಸಿತು. ಕೊನೆಯ ಪ್ರಯತ್ನವೆಂದು ಕೈಮುಗಿದ. "ತಪ್ಪಾಯ್ತು ಸಾರ್. ಗಬ್ಬು ಬರ್ತಿರೋದು ನನಗೆ ಗೊತ್ತೇ ಆಗಲಿಲ್ಲ. ನೆಲಮಾಳಿಗೆ ಸುತ್ತಿ ಸುತ್ತಿ ನನ್ನ ಮೂಗೇ ಸತ್ತುಹೋಗಿದೆ. ಅದಕ್ಕೇ ಸಾರ್, ಆ ಮೇಲಿನ ಕೆಲಸ ಸಿಕ್ಕಿದ್ರೆ..."

ಸಾಹೇಬರು ತಿನ್ನುವುದನ್ನು ನಿಲ್ಲಿಸಿದರು. ಅವರ ಕಣ್ಣಲ್ಲಿ ಹೊಳಪು ಬಂತು.

"ಏನೂ ವಾಸನೆ ಬರಲ್ವಾ?"

"ಏನೇನೂ ಬರಲ್ಲ ಸಾರ್."

"ಇಡೀ ಕಟ್ಟಡ ಓಡಿದ್ರೂ ಇವರೊಬ್ರೇ ಜಾಗ ಬಿಟ್ಟು ಕದಲಲಿಲ್ಲ ಸಾರ್," ಎಂದು ಹೆಂಡತಿ ಅಭಿಮಾನದಿಂದ ಸೇರಿಸಿದಳು.

ಸಾಹೇಬರು ಎದ್ದು ಬಂದು ಮೀಟರಣ್ಣನ ಭುಜ ತಟ್ಟಿದರು. "ಭೇಷ್! ಮೂಸೋ ಮೂಗಿಲ್ಲ, ಓಡೋ ಕಾಲಿಲ್ಲ. ನಿಮ್ಮಂಥೋರನ್ನ ಕುರ್ಚೀಲಿ ಕೂರಿಸಿದ್ರೆ ಇಲಾಖೆಗೇ ದ್ರೋಹ! ಊರಿನ ನೆಲಮಾಳಿಗೆಗಳೆಲ್ಲ ಇನ್ಮೇಲೆ ನಿಮ್ಮ ಪಾಲಿಗೆ. ಆ ನಿಧಾನಪ್ಪನನ್ನ ನೋಡಿದ್ರಲ್ಲ, ಕೋಸಿನ ವಾಸನೆಗೇ ಕಂಬ ತಬ್ಬಿಕೊಂಡ. ಅಂಥೋನನ್ನ ಕೆಳಗೆ ಕಳಿಸಿದ್ರೆ ಸತ್ತೇಹೋಗ್ತಾನೆ. ಪಾಪ, ಅವನು ಕಿಟಕಿ ಪಕ್ಕ ಕೂರಲಿ."

ಮೀಟರಣ್ಣ ಬಾಯಿ ತೆರೆದ. ಮಾತು ಹೊರಡಲಿಲ್ಲ. ಒಂದು ದಿನ ಮೊದಲೇ ಹೀಗೆ ಹೊರಡದೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎನಿಸಿ ಅಳು ಬಂತು.

ಬಾಗಿಲ ತನಕ ಬಂದ ಸಾಹೇಬರು ಅತ್ತಿತ್ತ ನೋಡಿ ಅವನ ಕಿವಿಯ ಹತ್ತಿರ ಬಗ್ಗಿದರು.

"ನಾಳೆ ಮೊದಲನೇ ಕೆಲಸ, ನಮ್ಮ ಕಚೇರಿ ಕೊಳವೆ. ಗಳದಿಂದ ತಿವಿದ್ರೆ ಆಗಲ್ಲ. ಒಳಗೇ ಕೈ ಹಾಕಿ, ಯಾರಿಗೂ ಗೊತ್ತಾಗದ ಹಾಗೆ ಪೂರ್ತಿ ತೆಗೆದುಬಿಡಿ. ನನ್ನ ಕೋಣೆಯ ಕೈತೊಳೆಯೋ ತೊಟ್ಟಿ ನೇರ ಅಲ್ಲಿಗೇ ಇಳಿಯುತ್ತೆ. ದಿನಾ ಮಧ್ಯಾಹ್ನ ಬೇಕನ್ ಆರಿಸಿಕೊಂಡ ಮೇಲೆ..." ಮತ್ತೊಮ್ಮೆ ಕೆಮ್ಮಿದರು. "ಅಲ್ಲಿ ಏನು ಸಿಗುತ್ತೆ ಅಂತ ನಾನು ಹೇಳಬೇಕಾಗಿಲ್ಲ. ಗೋಲಿ ಕೋಸು ನಿಭಾಯಿಸೋದು ನಿಮಗೆ ಈಗ ಅಭ್ಯಾಸವಾಗಿದೆಯಲ್ಲ."