ಕಿಟಕಿ ಪಕ್ಕದ ಟೇಬಲ್ಲು

ಬೆಳಿಗ್ಗೆ ಕವಿತ ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಪರದೆಯ ಮೂಲೆಯಲ್ಲಿ ಕೆಂಪು ಚೌಕವೊಂದು ಎದ್ದು, ನಿಮ್ಮ ಆಂಟಿವೈರಸ್ ಅವಧಿ ಮುಗಿದಿದೆ ಎಂದಿತು. ಅವಳು ಮುಚ್ಚಿದಳು. ಅದು ಮತ್ತೆ ಎದ್ದಿತು. ಇನ್ನೊಂದು ಸಲ ಮುಚ್ಚುವಷ್ಟರಲ್ಲಿ ಮಾಲೀಕ ಮುನಿಶಾಮಪ್ಪನವರು ಬೆನ್ನ ಹಿಂದೆ ಬಂದು ನಿಂತಿದ್ದರು.

"ಏನಮ್ಮಾ ಅದು, ಪೋಲೀಸ್ ನೋಟೀಸ್ ಇದ್ದಂಗೈತೆ?"

"ಗೊತ್ತಿಲ್ಲ ಸಾರ್. ಸಿಸ್ಟಮ್ ಅವರನ್ನ ಕರೀಬೇಕು."

ಸಿಸ್ಟಮ್ ಅವರು ಎಂದರೆ ಕಂಪ್ಯೂಟರ್ ರಿಪೇರಿ ನೋಡಿಕೊಳ್ಳುವ ನಂದೀಶ. ಆವತಿ ಹತ್ತಿರದ ಆ ಕಂಪನಿ ಗುಲಾಬಿ ಹೂವನ್ನು ಪ್ಯಾಕ್ ಮಾಡಿ ವಿಮಾನಕ್ಕೆ ಕಳಿಸುತ್ತಿತ್ತು. ಹೂವಿಡುವ ಕೋಲ್ಡ್ ರೂಮಿನ ಹಿಂದೆ, ಹಳೆಯ ರಟ್ಟಿನ ಡಬ್ಬಗಳ ಪಕ್ಕದಲ್ಲಿ ಅವನ ಕೋಣೆ. ಗೋಡೆಯ ಆಚೆಯ ಚಳಿ ಈಚೆಗೂ ಇಳಿಯುತ್ತಿದ್ದುದರಿಂದ ಏಪ್ರಿಲ್ ತಿಂಗಳಲ್ಲೂ ಸ್ವೆಟರ್ ಹಾಕಿಕೊಂಡೇ ಕೂರುತ್ತಿದ್ದ. ದೇವನಹಳ್ಳಿಯಲ್ಲಿ ಅವನದೊಂದು ಬಾಡಿಗೆ ರೂಮಿತ್ತು, ಅಲ್ಲಿಯೂ ಒಬ್ಬನೇ. ಮಾತಾಡುವ ಅಭ್ಯಾಸ ಎಷ್ಟು ತಪ್ಪಿಹೋಗಿತ್ತೆಂದರೆ, ಫೋನ್ ಬಂದಾಗ ಅವನ ಮೊದಲ ಮಾತು ಬಹಳ ದಿನದಿಂದ ತೆಗೆಯದ ಬಾಗಿಲಿನ ಹಾಗೆ ಕಿರ್ ಎನ್ನುತ್ತಿತ್ತು. ಯಾರದಾದರೂ ಕಂಪ್ಯೂಟರ್ ಕೆಟ್ಟರೆ ಓಡಿಹೋಗುತ್ತಿದ್ದ. ಎರಡು ನಿಮಿಷದ ಕೆಲಸವನ್ನು ಎಳೆದು ಎಳೆದು ಅರ್ಧ ಗಂಟೆ ಮಾಡುತ್ತಿದ್ದ. ಕೆಲಸ ಮುಗಿದ ಮೇಲೆ ಅಲ್ಲಿ ನಿಲ್ಲಲು ಕಾರಣವಿರುತ್ತಿರಲಿಲ್ಲವಲ್ಲ.

ಇವತ್ತೂ ಓಡಿಬಂದ. ಮುನಿಶಾಮಪ್ಪನವರು ಕೇಳಿದರು, "ಏನಪ್ಪಾ, ಒಂದೊಂದು ಕಂಪ್ಯೂಟ್ರಿಗೆ ಒಂದೊಂದು ಔಷಧಿ ಹಾಕಿದ್ದೀಯಾ?"

ಮಾತು ನಿಜವಾಗಿತ್ತು. ಒಂದಕ್ಕೆ ಪುಕ್ಕಟೆ ಸಿಕ್ಕ ಆಂಟಿವೈರಸ್, ಒಂದಕ್ಕೆ ಪ್ರಿಂಟರ್ ಜೊತೆ ಬಂದದ್ದು. ಪ್ಯಾಕಿಂಗ್ ಮೇಲ್ವಿಚಾರಕ ಕೆಂಪರಾಜನ ಕಂಪ್ಯೂಟರಿಗೆ ಅವನ ಭಾಮೈದ ಹಾಕಿಕೊಟ್ಟದ್ದು. ಅದು ಏನು ಮಾಡುತ್ತದೆಂದು ಭಾಮೈದನಿಗೂ ಗೊತ್ತಿರಲಿಲ್ಲ.

"ಎಲ್ಲಕ್ಕೂ ಒಂದೇ ಹಾಕ್ಬೋದು ಸಾರ್," ಎಂದ ನಂದೀಶ. "ಸೆಂಟ್ರಲ್ ಅಂತ ಬರ್ತದೆ. ಒಬ್ಬರೇ ಒಂದು ಕಡೆ ಕೂತ್ಕೊಂಡು ಎಲ್ಲಾ ಕಂಪ್ಯೂಟ್ರೂ ನೋಡ್ಕೋಬೋದು. ಒಂದೊಂದರ ಹತ್ರ ಹೋಗೋದೇ ಬೇಡ."

"ಹಂಗಾದ್ರೆ ಇವತ್ತೇ ಡೀಲರ್‌ನ ಕರೆಸು. ಯಾವ್ದು ಅಂತ ನೀನೇ ಆರಿಸು."

ನಂದೀಶ ಧೈರ್ಯ ಮಾಡಿದ. "ಸಾರ್, ಪ್ರಿಯಾಂಕ ಮೇಡಂ ಕೆಲಸ ಬಿಟ್ಟ ಮೇಲೆ ಹಾಲ್‌ನಲ್ಲಿ ಕಿಟಕಿ ಪಕ್ಕ ಒಂದು ಟೇಬಲ್ಲು ಖಾಲಿ ಐತೆ. ನಾನು ಅಲ್ಲಿ ಕೂತ್ಕೊಳ್ಲಾ?"

"ಮೊದ್ಲು ಇದನ್ನ ಸರಿಯಾಗಿ ಮಾಡು. ಆಮೇಲೆ ನೋಡಾಣ."

ಕಿಟಕಿ ಅವನಿಗೆ ಬೇಕಿರಲಿಲ್ಲ. ಆ ಟೇಬಲ್ಲಿನ ಎಡಕ್ಕೆ ಕವಿತ, ಬಲಕ್ಕೆ ಕೆಂಪರಾಜ್ ಕೂರುತ್ತಿದ್ದರು. ಹತ್ತು ಗಂಟೆಗೆ ಬರುವ ಟೀ ಅಲ್ಲಿಗೆ ಬಿಸಿಬಿಸಿಯಾಗಿ ಬರುತ್ತಿತ್ತು; ನಂದೀಶನ ಕೋಣೆ ತಲುಪುವಷ್ಟರಲ್ಲಿ ಆರಿ ಕೆನೆ ಕಟ್ಟಿರುತ್ತಿತ್ತು.

ಕೆಂಪರಾಜ್ ಈ ಮಾತುಕತೆಯಲ್ಲಿ ಅರ್ಧವನ್ನಷ್ಟೇ ಕೇಳಿಸಿಕೊಂಡಿದ್ದ. ಆ ಅರ್ಧ ಮಧ್ಯಾಹ್ನದೊಳಗೆ ಆಫೀಸಿನ ಹಾಲ್ ತುಂಬ ಹರಡಿತು. ಸಿಸ್ಟಮ್ ಅವರು ಇನ್ನು ಮೇಲೆ ಒಂದು ಕಡೆ ಕೂತು ಎಲ್ಲರ ಕಂಪ್ಯೂಟರನ್ನೂ ನೋಡುತ್ತಾರಂತೆ. ಕೆಂಪರಾಜ್ ಕೆಲಸದ ಹೊತ್ತಿನಲ್ಲಿ ಕ್ರಿಕೆಟ್ ನೋಡುತ್ತಿದ್ದ. ಕವಿತ ತಂಗಿಗೆ ಗಂಡು ಹುಡುಕುತ್ತಿದ್ದಳು.

ಊಟದ ಹೊತ್ತಿಗೆ ನಂದೀಶನ ಬಾಗಿಲಲ್ಲಿ ಕೆಂಪರಾಜ್ ಕಾಣಿಸಿಕೊಂಡ. ಇಷ್ಟು ವರ್ಷದಲ್ಲಿ ಅವನು ಅಲ್ಲಿಗೆ ಬಂದದ್ದು ಅದೇ ಮೊದಲು.

"ಏನ್ ಗುರು, ಒಬ್ನೇ ಉಣ್ತೀಯಾ? ಬಾ, ನಮ್ ಜೊತೆ ಕೂತ್ಕೋ."

ನಂದೀಶ ಡಬ್ಬಿ ಎತ್ತಿಕೊಂಡು ಹೊರಟ. ಹಾಲಿನಲ್ಲಿ ಅವನಿಗೆ ಮಧ್ಯದ ಕುರ್ಚಿ ಕೊಟ್ಟರು. ಕವಿತ ತನ್ನ ಡಬ್ಬಿಯಿಂದ ಮುದ್ದೆ ಮುರಿದು ಹಾಕಿ, ಬಸ್ಸಾರು ಬಿಟ್ಟಳು.

"ನಿಮ್ಮೂರು ಯಾವುದು ನಂದೀಶ್?"

ಅವನ ಹೆಸರು ಅವಳಿಗೆ ಗೊತ್ತಿತ್ತು. ನಂದೀಶ ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡ. "ಸೂಲಿಬೆಲೆ," ಎಂದ. ಅಲ್ಲಿಂದ ಶುರುವಾದ ಮಾತು ಸೂಲಿಬೆಲೆಯ ಹಸು, ಹಾಲು, ಅವನ ಚಿಕ್ಕಪ್ಪನ ಮೊಣಕಾಲು ನೋವಿನವರೆಗೂ ಹೋಯಿತು. ಎಲ್ಲರೂ ಕೇಳಿದರು. ಕೆಂಪರಾಜ್ ನಗಬೇಕಾಗಿಲ್ಲದ ಕಡೆಯೂ ನಕ್ಕ.

ಕೊನೆಗೆ ಕೆಂಪರಾಜನೇ ಕೇಳಿದ, "ಅಲ್ಲಾ ಗುರು, ನಾವೇನ್ ನೋಡ್ತಾ ಇದ್ದೀವಿ ಅಂತ ನಿಂಗೆ ಕಾಣ್ತದಾ?"

ಆಂಟಿವೈರಸ್ಸಿನಲ್ಲಿ ಯಾರ ಪರದೆಯೂ ಕಾಣುವುದಿಲ್ಲ. ಕಂಪ್ಯೂಟರ್ ಚೆನ್ನಾಗಿದ್ದರೆ ಹಸಿರು, ಇಲ್ಲದಿದ್ದರೆ ಕೆಂಪು, ಅಷ್ಟೆ. ಹಾಗೆಂದು ಹೇಳಲು ನಂದೀಶ ಬಾಯಿ ತೆರೆದ. ಬಾಯಲ್ಲಿ ಮುದ್ದೆಯಿತ್ತು. ಅದನ್ನು ನುಂಗುವಷ್ಟರಲ್ಲಿ ಮನಸ್ಸು ಬದಲಾಯಿತು.

"ನೋಡ್ಬೇಕು," ಎಂದ.

ಇಷ್ಟು ಹೇಳಿದ್ದಕ್ಕೆ ಅವನ ತಟ್ಟೆಗೆ ಹಪ್ಪಳ ಬಿತ್ತು. ನಾಳೆ ಊಟ ತರಬೇಡಿ, ನಾವೇ ತರ್ತೀವಿ ಎಂದಳು ಕವಿತ.

ಊಟ ಮುಗಿಯುವ ಹೊತ್ತಿಗೆ ದೊಡ್ಡಬಳ್ಳಾಪುರದಿಂದ ಡೀಲರ್ ಭೀಮರಾಜ್ ಬಂದ. ಹಾಲಿನಲ್ಲೇ ಲ್ಯಾಪ್‌ಟಾಪ್ ತೆರೆದು ವಿವರಿಸಿದ.

"ಎರಡು ಥರ ಐತೆ ಸಾರ್. ಒಂದು, ಸರ್ವರ್ ನಿಮ್ಮ ರೂಮಲ್ಲೇ ಇಟ್ಟು, ಅಲ್ಲೇ ಕೂತು ನೋಡ್ಕೊಳ್ಳೋದು. ನೆಟ್ ಹೋದ್ರೂ ಚಿಂತೆ ಇಲ್ಲ. ಇನ್ನೊಂದು ಕ್ಲೌಡು. ಯಾವ ಊರಲ್ಲಿದ್ರೂ ನೋಡ್ಬೋದು, ಫೋನಲ್ಲೂ ಆಯ್ತದೆ. ನಿಮ್ ಕಡೆ ನೆಟ್ ಸರಿ ಇಲ್ವಲ್ಲ, ನಾನಾದ್ರೆ ಮೊದಲ್ನೇದು ಅಂತೀನಿ."

ಮೊದಲನೆಯದೇ ಸರಿಯೆಂದು ನಂದೀಶನಿಗೂ ಗೊತ್ತಿತ್ತು. ಆದರೆ ಸರ್ವರ್ ಇರುವ ಕಡೆ ಅವನೂ ಇರಬೇಕಾಗುತ್ತಿತ್ತು, ಅದೇ ಚಳಿಯಲ್ಲಿ, ಅದೇ ರಟ್ಟಿನ ಡಬ್ಬಗಳ ಜೊತೆ. ಅವನು ಖಾಲಿ ಟೇಬಲ್ಲಿನ ಕಡೆ ನೋಡಿದ.

"ಕ್ಲೌಡೇ ಇರ್ಲಿ," ಎಂದ.

ಕೆಂಪರಾಜ್ ಮೆಲ್ಲಗೆ ಭೀಮರಾಜನ ಪಕ್ಕಕ್ಕೆ ಸರಿದ. "ಇದ್ರಲ್ಲಿ ನಮ್ ಸ್ಕ್ರೀನೆಲ್ಲಾ ಇವ್ರಿಗೆ ಕಾಣ್ತದಾ ಸಾರ್?"

"ಅಯ್ಯೋ, ಅದೆಲ್ಲಾ ಏನೂ ಕಾಣಲ್ಲ," ಎಂದು ಭೀಮರಾಜ್ ನಕ್ಕ.

ಕವಿತ ನಂದೀಶನ ಮುಖ ನೋಡಿದಳು. ಆಮೇಲೆ ತನ್ನ ಡಬ್ಬಿಯ ಮುಚ್ಚಳ ಹಾಕಿದಳು. ಮಧ್ಯದ ಕುರ್ಚಿ ಮೊದಲಿದ್ದ ಜಾಗಕ್ಕೆ ವಾಪಸ್ಸು ಹೋಯಿತು. ನಾಳಿನ ಊಟದ ಮಾತು ಮತ್ತೆ ಬರಲಿಲ್ಲ.

ಭೀಮರಾಜ್ ಎಲ್ಲ ಕಂಪ್ಯೂಟರುಗಳಿಗೂ ಆಂಟಿವೈರಸ್ ಹಾಕಿ, ಒಂದು ಸಲ ನೀವೇ ನಡೆಸಿ ನೋಡಿ ಎಂದು ಹೇಳಿ ಹೊರಟುಹೋದ. ನಂದೀಶ ತನ್ನ ಕೋಣೆಗೆ ಬಂದು ಒಬ್ಬನೇ ಕೂತ. ಏನಾದರೂ ಒಳ್ಳೆಯ ಕೆಲಸ ಮಾಡಿ ತೋರಿಸಿದರೆ ಮಧ್ಯಾಹ್ನದ್ದನ್ನು ಮರೆತಾರು ಎನ್ನಿಸಿತು. ಎಲ್ಲ ಕಂಪ್ಯೂಟರುಗಳನ್ನೂ ಒಟ್ಟಿಗೆ ಸ್ಕ್ಯಾನ್ ಮಾಡುವ ಬಟನ್ ಒತ್ತಿದ.

ಅದು ವಿಮಾನಕ್ಕೆ ಹೋಗುವ ಹೂವಿಗೆ ಬಿಲ್ ಹಾಕುವ ಹೊತ್ತು. ಹಾಲಿನ ಕಂಪ್ಯೂಟರುಗಳೆಲ್ಲ ಊಟ ಜಾಸ್ತಿಯಾದ ಬೀಗರಂತೆ ಇದ್ದಲ್ಲೇ ಒರಗಿದವು. ಕವಿತ ಒಂದು ಅಕ್ಷರ ಒತ್ತಿದರೆ ಅದು ಮೂಡುವಷ್ಟರಲ್ಲಿ ಎದ್ದು ನೀರು ಕುಡಿದು ಬರಬಹುದಿತ್ತು. ಹೊರಗೆ ಲಾರಿ ಇಂಜಿನ್ ಆನ್ ಮಾಡಿಕೊಂಡು ನಿಂತಿತ್ತು. ಬಿಲ್ಲಿಲ್ಲದೆ ಡ್ರೈವರ್ ಕದಲುವಂತಿರಲಿಲ್ಲ.

"ಲೇ ಸಿಸ್ಟಮ್," ಎಂದು ಕೆಂಪರಾಜ್ ಹಾಲಿನಿಂದಲೇ ಕೂಗಿದ. "ಹೂವು ಬಾಡೋಯ್ತದೆ ಕಣೋ. ಏನ್ ಮಾಡ್ಬಿಟ್ಟೆ?"

ನಿಲ್ಲಿಸೋಣವೆಂದರೆ ನಂದೀಶನ ಕಂಪ್ಯೂಟರೂ ಒರಗಿಕೊಂಡಿತ್ತು. ಫೋನಿನಲ್ಲಿ ನಿಲ್ಲಿಸೋಣವೆಂದರೆ ಕೋಲ್ಡ್ ರೂಮಿನ ಗೋಡೆಯ ಹಿಂದೆ ಸಿಗ್ನಲ್ ಇರಲಿಲ್ಲ. ಅವನು ಸ್ವೆಟರಿನಲ್ಲೇ ಬಿಸಿಲಿಗೆ ಓಡಿದ. ಅಂಗಳದಲ್ಲೂ ಸಿಗ್ನಲ್ ಸಾಲಲಿಲ್ಲ. ಲಾರಿಯ ಹಿಂದಿನ ಏಣಿ ಹತ್ತಿ, ಮೇಲೆ ನಿಂತು, ಫೋನನ್ನು ಆಕಾಶಕ್ಕೆ ತೋರಿಸಿದ. ಕೆಳಗೆ ಇಡೀ ಕಚೇರಿ ಬಂದು ನಿಂತಿತ್ತು. ಅಷ್ಟು ಜನ ಒಟ್ಟಿಗೆ ಅವನನ್ನು ನೋಡಿದ್ದು ಅವತ್ತೇ ಮೊದಲು. ಬೆವರಿದ ಬೆರಳು ಎರಡು ಸಲ ಜಾರಿ, ಮತ್ತೊಂದು ಸಲಕ್ಕೆ ಬಟನ್ ಸಿಕ್ಕಿತು. ಸ್ಕ್ಯಾನ್ ನಿಂತಿತು. ಒಳಗೆ ಪ್ರಿಂಟರ್ ಬಿಲ್ ಉಗುಳುವ ಸದ್ದು ಕೇಳಿಸಿತು.

ಅವನನ್ನು ಇಳಿಸಿ ಲಾರಿ ಹೋಯಿತು. ಮುನಿಶಾಮಪ್ಪನವರು ಹತ್ತಿರ ಬಂದರು. ಬೈಗುಳ ಬರುತ್ತದೆಂದು ನಂದೀಶ ತಲೆ ತಗ್ಗಿಸಿದ.

"ಒಳಗಿನ ಕಂಪ್ಯೂಟ್ರನ್ನೆಲ್ಲಾ ಲಾರಿ ಮೇಲೆ ನಿಂತ್ಕೊಂಡೇ ಸರಿ ಮಾಡ್ಬಿಟ್ಟೆಯಾ?"

"ಹೂಂ ಸಾರ್. ಇದು ಕ್ಲೌಡು. ಇಲ್ಲೇ ಕೂತಿರ್ಬೇಕು ಅಂತೇನಿಲ್ಲ."

"ಭೇಷ್ ಕಣಪ್ಪಾ. ನಿನ್ನ ಆ ಕೋಣೆಯಿಂದ ಬಿಡಿಸ್ಬೇಕು ಅಂತ ನಂಗೂ ಇತ್ತು."

ನಂದೀಶ ತಲೆ ಎತ್ತಿದ. "ಸಾರ್, ಹಂಗಾದ್ರೆ ಆ ಟೇಬಲ್ಲು..."

"ಟೇಬಲ್ ಯಾಕಪ್ಪಾ, ಫೋನಲ್ಲೇ ಎಲ್ಲಾ ಆಯ್ತದಲ್ಲಾ. ಕುಂದಾಣದ ತೋಟದಲ್ಲಿ ಹೊಸ ಶೆಡ್ ಕಟ್ಸಿದ್ದೀನಿ. ಮೋಟ್ರು, ಡ್ರಿಪ್ಪು ನೋಡ್ಕೊಳ್ಳೋಕೆ ನಂಬಿಕಸ್ಥ ಒಬ್ಬ ಬೇಕಿತ್ತು. ನಾಳೆಯಿಂದ ಅಲ್ಲೇ ಕೂತ್ಕೊಂಡು ಇದನ್ನೂ ನೋಡ್ಕೋ. ಸಿಗ್ನಲ್ ಚೆನ್ನಾಗೈತೆ."

"ಅಲ್ಲಿ ಬೇರೆ ಯಾರ್ ಇರ್ತಾರೆ ಸಾರ್?"

"ಯಾರೂ ಇಲ್ಲ. ಅದಕ್ಕೇ ನಿನ್ನ ಕಳಿಸ್ತಿರೋದು."

ಮಾರನೆಯ ದಿನ ಕುಂದಾಣದ ಶೆಡ್ಡಿನಲ್ಲಿ ಕೂತು, ಅವನು ಕಾಲ ಮೇಲೆ ಫೋನಿಟ್ಟುಕೊಂಡು ಆಂಟಿವೈರಸ್ ತೆರೆದ. ಕಂಪ್ಯೂಟರುಗಳಿಗೆ ಭೀಮರಾಜ್ ಆಯಾಯ ಜನರ ಹೆಸರನ್ನೇ ಇಟ್ಟಿದ್ದ. ಕವಿತ, ಹಸಿರು. ಕೆಂಪರಾಜ್, ಹಸಿರು. ಎಲ್ಲರೂ ಕ್ಷೇಮವಾಗಿದ್ದರು.